ಕಾಗೆ ಮುಟ್ಟಿದ ರಾಡಾರ್

ಗಾಳಿಯನ್ನು ನಂಬಿ ಹೊಟ್ಟೆ ಹೊರೆಯುವವನಿಗೆ ನೆಲದ ಮೇಲಿನ ಫಜೀತಿಗಳು ತಪ್ಪುವುದಿಲ್ಲ. ತೊಂಬತ್ತರ ದಶಕದ ಕೊನೆಗೆ ಮುಂಡಗೋಡದ ಪಾಳಾ ಎಂಬ ಹಳ್ಳಿಯ ಹತ್ತಿರ ನಮ್ಮದೊಂದು ರಾಡಾರ್ ಇತ್ತು. ತಲೆಯ ಮೇಲಿನ ಗಾಳಿ ಏರುತ್ತಿದೆಯೋ ಇಳಿಯುತ್ತಿದೆಯೋ ಅದು ಅಳೆದು ಹೇಳುತ್ತಿತ್ತು. ಹೆಡ್ಡಾಫೀಸಿನ ಕಂಪ್ಯೂಟರ್ ಮಾಡೆಲ್ ಅದನ್ನೇ ಲೆಕ್ಕ ಹಾಕಿ ಹೇಳುತ್ತಿತ್ತು. ಎರಡನ್ನೂ ತಾಳೆ ನೋಡುವುದು ನನ್ನ ಕೆಲಸ.

೧. ಅಡ್ಡಗಾಳಿ

ಚಹಾದಂಗಡಿಯಲ್ಲಿ ಒಬ್ಬ ರೈತ ವಿಚಾರಿಸಿದ.

"ಗಾಳಿ ಮ್ಯಾಲ ಹೊಂಟೈತೋ ಕೆಳಗ ಹೊಂಟೈತೋ ನೋಡಾಕ ಸರಕಾರ ಪಗಾರ ಕೊಡತೈತೇನ್ರಿ?"

"ಹೌದ್ರಿ."

"ಅಡ್ಡ ಹೊಂಟಿದ್ದು?"

"ಅದನ್ನೂ ನೋಡತೀವ್ರಿ."

"ಚಲೋ ಆತು. ನಾಳೆ ಭತ್ತ ತೂರೂದೈತಿ. ಮುಂಜಾನೆ ಒಂದೀಟು ಅಡ್ಡಗಾಳಿ ಬಿಡ್ರಿ."

೨. ನನ್ನ ಸಿದ್ಧಾಂತ

ಒಮ್ಮೆ ಪಕ್ಷಮಾಸದಲ್ಲಿ ರಾಡಾರಿಗೂ ಮಾಡೆಲ್ಲಿಗೂ ಎಣ್ಣೆ ಸೀಗೆಕಾಯಿ ಸಂಬಂಧವಾಯಿತು. ಮಾಡೆಲ್ ಗಾಳಿ ಇಳಿಯುತ್ತಿದೆ ಎನ್ನುತ್ತಿತ್ತು. ರಾಡಾರ್ ಮಾತ್ರ ದಿನಾ ಮಧ್ಯಾಹ್ನ ಏರುತ್ತಿದೆ ಎಂದು ಹಟ ಹಿಡಿಯಿತು. ಹೆಡ್ಡಾಫೀಸಿನ ಸಾಹೇಬರು ಫೋನಿನಲ್ಲಿ ಗುಡುಗಿದರು: "ಖುದ್ದು ಬರ್ತೀನಿ. ತಾಳೆಯಾಗದಿದ್ದರೆ ಸ್ಟೇಷನ್ ಮುಚ್ಚಿ ನಿಮ್ಮನ್ನು ರಾಜಸ್ಥಾನದ ಮರಳಿಗೆ ಕಳಿಸ್ತೀನಿ!"

ಬಿಸಿಲಿಗೆ ಗುಡ್ಡ ಕಾದು ಗಾಳಿ ಏರುತ್ತದೆಂದು ಘನವಾದ ಸಿದ್ಧಾಂತ ಹೊಸೆದೆ. ಮಧ್ಯಾಹ್ನ ಮನೆಗೆ ಊಟಕ್ಕೆ ಹೋದಾಗ ಮನೆ ಮಾಲಕಿ ಆಯಿ ದಿನಾ ವಡೆ, ಪಾಯಸ ಕೊಡುತ್ತಿದ್ದಳು. ಯಾಕೆಂದು ಕೇಳಲಿಲ್ಲ. ತಿನ್ನುವಾಗ ನಾನು ವಿಜ್ಞಾನಿಯಲ್ಲ.

೩. ಸಾಹೇಬರ ಎಡೆ

ಸಾಹೇಬರು ಬಂದದ್ದು ಸರಿಯಾಗಿ ಮಧ್ಯಾಹ್ನಕ್ಕೆ. ನೋಡಿದರೆ ರಾಡಾರಿನ ಬೇಲಿಯೊಳಗೆ ಸಾಲಾಗಿ ಬಾಳೆ ಎಲೆ! ಓಣಿಯವರೆಲ್ಲ ಹಿರಿಯರಿಗೆ ಎಡೆ ಇಡುತ್ತಿದ್ದರು. ಒಂದೊಂದಾಗಿ ಇಳಿದ ಕಾಗೆಗಳು, ಯಾರಾದರೂ ಹೊಸ ಎಲೆ ತಂದೊಡನೆ ಹಿಂಡಾಗಿ ಭರ್ರನೆ ಮೇಲೇರುತ್ತಿದ್ದವು. ರಾಡಾರ್ ಏರುವ ಗಾಳಿಯೆಂದು ಅಳೆದದ್ದು ಇವುಗಳನ್ನೇ! ನನ್ನ ಸಿದ್ಧಾಂತವೂ ಅವುಗಳ ಜೊತೆಗೇ ಹಾರಿಹೋಯಿತು.

"ಬೇಲಿ ಐತಲ್ರಿ, ನಾಯಿ ಬರಂಗಿಲ್ಲ," ಎಂದಳು ಆಯಿ.

ಸಿಡಿಯಬೇಕಿದ್ದ ಸಾಹೇಬರು ಮೆತ್ತಗಾದರು. "ಇವತ್ತು ನಮ್ಮಪ್ಪನ ತಿಥಿ. ಈ ರಾಡಾರಿಗೋಸ್ಕರ ಬಿಟ್ಟು ಬಂದೆ."

ಪಾಪ ಅನ್ನಿಸಿತು. ಆಯಿ ಅವರ ಕೈಗೂ ಒಂದು ಎಲೆ ಕೊಟ್ಟಳು. ಅವರು ಎಡೆ ಇಟ್ಟು ದೂರ ನಿಂತರೆ ಒಂದು ಕಾಗೆಯೂ ಮುಟ್ಟಲೊಲ್ಲದು.

"ಹಿರ್ಯಾರ ಮನಸಿನ್ಯಾಗ ಏನೋ ಉಳದೈತಿ. ಮಾತು ಕೊಡ್ರಿ," ಎಂದಳು ಆಯಿ.

"ಅಪ್ಪಾ, ಅಮ್ಮನನ್ನ ಚೆನ್ನಾಗಿ ನೋಡ್ಕೋತೀನಿ." ಕಾಗೆ ಕದಲಲಿಲ್ಲ.

"ತಮ್ಮನ ಜೊತೆ ಮಾತಾಡ್ತೀನಿ." ಊಹೂಂ.

ಆಯಿ ಒಮ್ಮೆ ನನ್ನ ಮುಖ ನೋಡಿದಳು. "ಈ ಸ್ಟೇಷನ್ ಮುಚ್ಚಂಗಿಲ್ಲ ಅಂತ ಅಂದು ನೋಡ್ರಿ, ಸಾಹೇಬ್ರ."

"ನಮ್ಮಪ್ಪನಿಗೂ ಸ್ಟೇಷನ್ನಿಗೂ ಏನಮ್ಮಾ ಸಂಬಂಧ?"

"ಕಾಗಿಗೆ ಐತಲ್ರಿ!"

ಸಾಹೇಬರು ಕಣ್ಣು ಮುಚ್ಚಿ, "ಮುಚ್ಚೋದಿಲ್ಲಪ್ಪಾ," ಎಂದರು. ಹಸಿದು ಕಾದಿದ್ದ ಇಡೀ ಹಿಂಡು ಒಮ್ಮೆಲೇ ಎಲೆಯ ಮೇಲೆ ಇಳಿಯಿತು.

ಒಳಗೆ ಹೋಗಿ ನೋಡಿದೆವು. ರಾಡಾರ್ ಗಾಳಿ ಇಳಿಯುತ್ತಿದೆ ಎನ್ನುತ್ತಿತ್ತು. ಮಾಡೆಲ್ಲಿಗೆ ಸರಿಯಾಗಿ ತಾಳೆಯಾಗಿತ್ತು.