ಮಹಾಸಭೆಗೆ ಬಂದ ಹೂವಿನ ಸ್ಟ್ಯಾಂಡುಗಳು

ಮನೋವಿಜ್ಞಾನಿಗಳ ಸಂಘವೊಂದರ ಸಮುದಾಯ ಮತ್ತು ಸಾಮಾಜಿಕ ಮನೋವಿಜ್ಞಾನ ವಿಭಾಗದ ನಿಯಮಾವಳಿಯ ಎರಡನೇ ಕಲಮಿನ ಪ್ರಕಾರ ಸಮುದಾಯ ಎಂದರೆ ಒಂದೆಡೆ ಕೂಡಿದ ಜನ. ವಿಭಾಗದಲ್ಲಿ ಅರವತ್ತೈದು ಸದಸ್ಯರಿದ್ದರು. ವಿಭಾಗ ಹುಟ್ಟಿ ಹನ್ನೊಂದು ವರ್ಷವಾಗಿತ್ತು. ಈ ಅವಧಿಯಲ್ಲಿ ಅವರು ಒಮ್ಮೆಯೂ ಒಂದೆಡೆ ಕೂಡಿರಲಿಲ್ಲ. ಇದರಲ್ಲಿ ಏನಾದರೂ ವಿರೋಧಾಭಾಸ ಇದೆಯೇ ಎಂದು ಚರ್ಚಿಸಲು ಕೂಡ ಒಂದೆಡೆ ಕೂಡಬೇಕಾಗಿದ್ದುದರಿಂದ ಆ ಚರ್ಚೆಯೂ ನಡೆದಿರಲಿಲ್ಲ.

ವಿಭಾಗದ ಕಾರ್ಯದರ್ಶಿ ತಾಕ್ ಮಿರಾನ್. ವಯಸ್ಸು ನಲವತ್ತಮೂರು. ಬುಸಾನಿನ ಎರಡು ಕಾಲೇಜುಗಳಲ್ಲಿ ಗಂಟೆ ಲೆಕ್ಕದ ಪಾಠ ಹೇಳುತ್ತಿದ್ದಳು. ಏಳು ವರ್ಷದ ಹಿಂದೆ ಕಾರ್ಯದರ್ಶಿಯ ಆಯ್ಕೆಯ ದಿನ ಫೋನು ಎತ್ತಿದ್ದು ಅವಳೊಬ್ಬಳೇ, ಹಾಗಾಗಿ ಅವಿರೋಧವಾಗಿ ಆಯ್ಕೆಯಾಗಿದ್ದಳು. ಆಮೇಲಿನ ಆಯ್ಕೆಗಳಲ್ಲೂ ಫೋನು ಎತ್ತುವ ಕೆಟ್ಟ ಚಾಳಿ ಬಿಡಲಿಲ್ಲ.

ವಿಭಾಗಕ್ಕೆ ಸ್ವಂತದ್ದೆಂದು ಇದ್ದದ್ದು ಒಂದೇ ಕೋಣೆ. ಬಂದರಿನ ಹಿಂದಿನ ಗುಡ್ಡದಲ್ಲಿ, ನೂರಾ ಅರವತ್ತೆಂಟು ಮೆಟ್ಟಿಲು ಹತ್ತಿದರೆ ಸಿಗುವ ಓಣಿಯಲ್ಲಿ, ವಾರ್ಡ್ ಕಚೇರಿಯವರು ಬಿಟ್ಟುಕೊಟ್ಟ ಹಳೆಯ ಕೋಣೆ ಅದು. ಪ್ರತಿ ಬುಧವಾರ ಅಲ್ಲಿಗೆ ಒಂಬತ್ತು ಜನ ಅಜ್ಜಿಯರು ಬರುತ್ತಿದ್ದರು. ಅಡಿಯಿಂದ ಕಾಯಿಸಿದ ಬೆಚ್ಚನೆಯ ನೆಲದ ಮೇಲೆ ಕಾಲು ಚಾಚಿ ಬೆಳ್ಳುಳ್ಳಿ ಸುಲಿಯುತ್ತಿದ್ದರು, ಹ್ವಾತು ಎಂಬ ಹೂಚಿತ್ರದ ಇಸ್ಪೀಟು ಎಲೆಯಾಡುತ್ತಿದ್ದರು, ಮೋಸದ ಆಟಕ್ಕೆ ಒಬ್ಬರನ್ನೊಬ್ಬರು ಬೈಯುತ್ತಿದ್ದರು, ಮಿರಾನ್ ಬೇಯಿಸಿದ ನೂಡಲ್ಸನ್ನು ಉಪ್ಪು ಕಮ್ಮಿ ಎನ್ನುತ್ತಲೇ ಎರಡೆರಡು ಬಟ್ಟಲು ಇಳಿಸುತ್ತಿದ್ದರು. ಈ ಕೋಣೆಯ ಬಗ್ಗೆ ಸದಸ್ಯರು ನಲವತ್ತೊಂದು ಸಂಶೋಧನಾ ಪ್ರಬಂಧ ಬರೆದಿದ್ದರು. ಕೋಣೆಯನ್ನು ಕಣ್ಣಾರೆ ಕಂಡವಳು ಮಿರಾನ್ ಮಾತ್ರ. ಉಳಿದವರು ಪ್ರಶ್ನಾವಳಿ ಕಳಿಸುತ್ತಿದ್ದರು.

ಅಜ್ಜಿಯರಲ್ಲಿ ಹಿರಿಯಳು ಎಂಬತ್ತೆರಡರ ಗುಕ್ ಬೊಕ್‌ನ್ಯೊ. "ನಿಮ್ಮ ಒಂಟಿತನವನ್ನು ಒಂದರಿಂದ ಏಳರವರೆಗಿನ ಅಂಕಿಯಲ್ಲಿ ಸೂಚಿಸಿ" ಎಂಬ ಪ್ರಶ್ನೆಗೆ ಅವಳು ಪ್ರತಿ ಸಲವೂ ಕೊಡುತ್ತಿದ್ದ ಉತ್ತರ ಒಂದೇ: "ಬುಧವಾರ ಬಿಟ್ಟು ಕೇಳಿ."

ಆ ವರ್ಷದ ಶರತ್ಕಾಲದಲ್ಲಿ ವಾರ್ಡ್ ಕಚೇರಿಯಿಂದ ಪತ್ರ ಬಂತು. ಕೋಣೆಯ ಪರವಾನಗಿ ನವೀಕರಿಸಬೇಕಾದರೆ ಕೋರಂ ಇದ್ದ ಮಹಾಸಭೆಯ ನಡವಳಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಕೋಣೆಯನ್ನು ಮರುಬಳಕೆಯ ಪ್ಲಾಸ್ಟಿಕ್ ಪೇರಿಸಲು ಉಪಯೋಗಿಸಲಾಗುವುದು.

ಹಿಂದಾದರೆ ಇದೇನು ದೊಡ್ಡ ವಿಷಯವಲ್ಲ. "ನನ್ನ ಬದಲಿಗೆ ಇಂಥವರು ಹಾಜರಿರುತ್ತಾರೆ" ಎಂದು ಒಬ್ಬೊಬ್ಬರೂ ಇನ್ನೊಬ್ಬರ ಹೆಸರಿಗೆ ಅಧಿಕಾರಪತ್ರ ಬರೆದುಕೊಡುತ್ತಿದ್ದರು, ಸಭೆ ಸಾಂಗವಾಗಿ ಮುಗಿಯುತ್ತಿತ್ತು. ಆದರೆ ಹಿಂದಿನ ವರ್ಷ ಮಾತೃಸಂಘದ ನಿಯಮ ಪರಿಶೀಲಕರು ಪತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ್ದರು. ಸದಸ್ಯರೆಲ್ಲ ಉಪಾಧ್ಯಕ್ಷರಿಗೆ ಬರೆದುಕೊಟ್ಟಿದ್ದರು, ಉಪಾಧ್ಯಕ್ಷರು ಅಧ್ಯಕ್ಷರಿಗೆ ಬರೆದುಕೊಟ್ಟಿದ್ದರು, ಅಧ್ಯಕ್ಷರು ತಿರುಗಿ ಉಪಾಧ್ಯಕ್ಷರಿಗೇ ಬರೆದುಕೊಟ್ಟಿದ್ದರು. ಅಂದಿನಿಂದ ಅಧಿಕಾರಪತ್ರ ನಿಷಿದ್ಧ. ಅರವತ್ತು ಸದಸ್ಯರು ಖುದ್ದಾಗಿ ಹಾಜರಿದ್ದರೆ ಮಾತ್ರ ಸಭೆ.

ಮಿರಾನ್ ಅಧ್ಯಕ್ಷ ಪ್ರೊಫೆಸರ್ ಮಾ ಗ್ಯುತೆ ಅವರಿಗೆ ಫೋನು ಮಾಡಿದಳು.

"ಅಧ್ಯಕ್ಷರೇ, ಈ ಸಲ ನೀವು ಬರ್ಲೇಬೇಕು. ಕೋಣೆ ಹೋಗ್ಬಿಡುತ್ತೆ."

"ಅಯ್ಯೋ, ಅವತ್ತೇ ಸೋಲ್‌ನಲ್ಲಿ ನನ್ನ ಪ್ರಧಾನ ಭಾಷಣ ಇದೆಯಲ್ಲಮ್ಮ."

"ಯಾವ ವಿಷಯ?"

"'ಮುಖಾಮುಖಿ ಭೇಟಿಯ ಮಹತ್ವ'," ಎಂದರು ಅಧ್ಯಕ್ಷರು. "ಹಾಗಂತ ನಾನು ಕೈಬಿಡೋನಲ್ಲ. ಒಂದು ಒಳ್ಳೆ ಹೂವಿನ ಸ್ಟ್ಯಾಂಡ್ ಕಳಿಸ್ತೀನಿ. ಮೂರಂತಸ್ತಿಂದು."

ಉಳಿದವರೂ ಅಷ್ಟೇ ಸಜ್ಜನರು. ಒಬ್ಬರಿಗೆ ಮೊಣಕಾಲು, ಒಬ್ಬರಿಗೆ ಮಾವನ ಮನೆ, ಒಬ್ಬರಿಗೆ ಬುಸಾನ್ ಎಂದರೆ ದೂರ. ಆದರೆ ಮದುವೆಗಾಗಲಿ, ಸಾವಿಗಾಗಲಿ, ಅಂಗಡಿಯ ಪ್ರಾರಂಭಕ್ಕಾಗಲಿ ಹೂವಿನ ಸ್ಟ್ಯಾಂಡು ಕಳಿಸದೆ ಸುಮ್ಮನಿರುವಷ್ಟು ಮಾನಗೆಟ್ಟವರು ಅವರಲ್ಲಿ ಯಾರೂ ಇರಲಿಲ್ಲ. ಅಧ್ಯಕ್ಷರೇ ಕಳಿಸುತ್ತಾರಂತೆ ಎಂಬ ಸುದ್ದಿ ಹಬ್ಬಿದ ಮೇಲಂತೂ ಕಳಿಸದೆ ಇರಲು ಯಾರಿಗೂ ಧೈರ್ಯ ಸಾಲಲಿಲ್ಲ.

ಸಭೆಯ ದಿನ ವಾರ್ಡ್ ಕಚೇರಿಯ ಎರಡನೇ ಮಹಡಿಯ ಸಭಾಂಗಣಕ್ಕೆ ಬೆಳಗ್ಗೆ ಎಂಟರಿಂದಲೇ ಹೂವಿನ ಸ್ಟ್ಯಾಂಡುಗಳು ಬರತೊಡಗಿದವು. ಒಂದೊಂದೂ ಆಳೆತ್ತರ. ಪ್ರತಿಯೊಂದಕ್ಕೂ ಎರಡು ರಿಬ್ಬನ್ನು: ಒಂದರಲ್ಲಿ ಶುಭಾಶಯ, ಇನ್ನೊಂದರಲ್ಲಿ ಕಳಿಸಿದವರ ಪದವಿ, ಹೆಸರು. ನಿಲ್ಲಿಸಲು ಜಾಗ ಸಾಲದೆ ಕುರ್ಚಿಗಳನ್ನು ಹೊರಗೆ ಹಾಕಿದರು. ಹತ್ತು ಗಂಟೆಗೆ ಉಪಾಧ್ಯಕ್ಷ ಓಕ್ ಸಾಂಗ್‌ಚೊಲ್ ಅವರ ಫೋನು ಬಂತು.

"ಕಾರ್ಯದರ್ಶಿಯವರೇ, ಹೂವಿನಂಗಡಿಯವ್ನು ಫೋಟೋ ಕಳ್ಸಿದಾನೆ. ನಾನು ಎರಡನೇ ಸಾಲಲ್ಲಿ ನಿಂತಿದೀನಿ."

"ಸರ್, ಬಂದ ಹಾಗೆ ನಿಲ್ಲಿಸಿದಾರೆ."

"ನನ್ನ ಮುಂದೆ ಯಾರು ನಿಂತಿರೋದು? ಆ ಸೊನ್! ಕಾಲೇಜಲ್ಲಿ ನನಗಿಂತ ಮೂರು ವರ್ಷ ಚಿಕ್ಕೋನು. ಅವನ ಬೆನ್ನು ನೋಡ್ಕೊಂಡು ನಾನು ಸಭೆ ಮುಗಿಸ್ಬೇಕಾ?"

ಮಿರಾನ್ ಎಲ್ಲರೂ ಕಾಲೇಜು ಸೇರಿದ ವರ್ಷದ ಪಟ್ಟಿ ಹಿಡಿದು ಸ್ಟ್ಯಾಂಡುಗಳನ್ನು ಹಿರಿತನದ ಪ್ರಕಾರ ಎತ್ತಿಡಲು ನಿಂತಳು. ಅವಳ ಕೈಗೆ ನೆರವಾದವರು ಒಂಬತ್ತು ಅಜ್ಜಿಯರು. ಕೋಣೆ ಉಳಿಸಿಕೊಡಿ ಎಂದು ಪ್ರೊಫೆಸರರ ಮುಂದೆ ನಾಲ್ಕು ಮಾತಾಡೋಣ ಅಂತ, ಒಳ್ಳೆ ಬಟ್ಟೆ ಹಾಕಿಕೊಂಡು, ನೂರಾ ಅರವತ್ತೆಂಟು ಮೆಟ್ಟಿಲು ಇಳಿದು ಬಂದಿದ್ದರು.

"ಟೀಚರಮ್ಮ, ಪ್ರೊಫೆಸರ್‌ಗಳು ಎಲ್ಲಿ?" ಎಂದಳು ಬೊಕ್‌ನ್ಯೊ ಅಜ್ಜಿ.

"ಇವರೇ ಅಜ್ಜಿ."

ಅಜ್ಜಿ ಸಾಲನ್ನು ಮೇಲಿಂದ ಕೆಳಗೆ ನೋಡಿದಳು. "ಪರವಾಗಿಲ್ಲ, ಲಕ್ಷಣವಾಗೇ ಇದಾರೆ."

ಹನ್ನೊಂದಕ್ಕೆ ನಿಯಮ ಪರಿಶೀಲಕ ಪ್ಯೊ ಜೊಂಗುಕ್ ಬಂದರು. ಸಣ್ಣ ಆಳು, ದೊಡ್ಡ ಬ್ಯಾಗು. ಸಭಾಂಗಣವನ್ನು ನೋಡಿ ಆಶ್ಚರ್ಯಪಡಲಿಲ್ಲ. ಆಶ್ಚರ್ಯ ಅವರ ಕರ್ತವ್ಯಗಳ ಪಟ್ಟಿಯಲ್ಲಿರಲಿಲ್ಲ. ನಿಯಮಾವಳಿ ತೆರೆದು ಒಂಬತ್ತನೇ ಕಲಮು ಓದಿದರು: "ಹಾಜರಿ ಎಂದರೆ ಸಭಾಂಗಣದಲ್ಲಿ ತನ್ನ ಹೆಸರಿನಲ್ಲಿ ಸ್ಥಳವೊಂದನ್ನು ಆಕ್ರಮಿಸಿರುವುದು."

"ಹೆಸರು ಇದೆ, ಸ್ಥಳ ಆಕ್ರಮಿಸಿದೆ. ಖುದ್ದು ಅಂತ ಯಾಕೆ ಹೇಳಬಾರದು?" ಎಂದು ತಮ್ಮನ್ನೇ ಕೇಳಿಕೊಂಡು, ಕಾರಣ ಸಿಗದೆ, ಎಣಿಸಲು ಶುರುಮಾಡಿದರು. ಒಟ್ಟು ಅರವತ್ತನಾಲ್ಕು. ಅದರಲ್ಲಿ ಒಂದು ಮಾತ್ರ ಬಿಳಿ ಸೇವಂತಿಗೆಯದು, ಕಪ್ಪು ರಿಬ್ಬನ್ನು, "ಅಗಲಿದ ಆತ್ಮಕ್ಕೆ ಶಾಂತಿ ಸಿಗಲಿ" ಎಂದು ಬರೆದದ್ದು. ಹೂವಿನಂಗಡಿಯಲ್ಲಿ ಅದಲುಬದಲಾಗಿತ್ತು. ಯಾವುದೋ ಸಾವಿನ ಮನೆಯಲ್ಲಿ ಆ ಹೊತ್ತಿಗೆ "ಯಶಸ್ಸು ಕೋರುತ್ತೇವೆ" ನಿಂತಿರಬೇಕು. ಪ್ಯೊ ಐದು ನಿಮಿಷ ಯೋಚಿಸಿ, ಸದರಿ ಸದಸ್ಯರು ಹಾಜರಿದ್ದಾರೆ, ಆದರೆ ಎಲ್ಲ ನಿರ್ಣಯಗಳಿಗೂ ವಿರೋಧ ಸೂಚಿಸಿದ್ದಾರೆ ಎಂದು ದಾಖಲಿಸಿದರು.

"ನಮ್ಮನ್ನೂ ಎಣಿಸ್ಕೊಳ್ಳಿ ಸ್ವಾಮಿ, ಒಂಬತ್ತು ಜನ ಇದೀವಿ," ಎಂದಳು ಬೊಕ್‌ನ್ಯೊ.

"ನಿಮ್ಮ ಹೆಸರು ಎಲ್ಲಿ ಬರ್ದಿದೆ ಅಜ್ಜಿ?"

"ಎಲ್ಲೂ ಬರ್ದಿಲ್ಲ. ನಂಗೆ ಬಾಯಿಗೇ ಬರುತ್ತೆ."

"ಹಾಗಾದ್ರೆ ಆಗಲ್ಲ. ಸ್ವಲ್ಪ ಪಕ್ಕಕ್ಕೆ ಬನ್ನಿ, ನೀವು ಒಬ್ಬ ಸದಸ್ಯರ ಮೇಲೆ ಒರಗಿದೀರ."

ಸಭೆ ಶುರುವಾಯಿತು. ಕೋಣೆಯ ಪರವಾನಗಿ ನವೀಕರಿಸುವ ನಿರ್ಣಯವನ್ನು ಮಿರಾನ್ ಓದಿದಳು. "ಆಕ್ಷೇಪಣೆ ಇದೆಯೇ?" ಎಂದರು ಪ್ಯೊ. ಸಭಾಂಗಣ ನಿಶ್ಶಬ್ದವಾಗಿತ್ತು. ಮೌನವೇ ಸಮ್ಮತಿ ಎಂಬ ಇಪ್ಪತ್ತೆರಡನೇ ಕಲಮಿನಂತೆ ಅರವತ್ತಮೂರು ಮತ ಪರ, ಒಂದು ವಿರೋಧ. ಅಜ್ಜಿಯರು ಚಪ್ಪಾಳೆ ತಟ್ಟಿದರು. ಒಬ್ಬಳು ಪಕ್ಕದ ಪ್ರೊಫೆಸರರ ರಿಬ್ಬನ್ನಿನಲ್ಲೇ ಕಣ್ಣು ಒರೆಸಿಕೊಂಡಳು. ಮಿರಾನಳಿಗೆ ಏಳು ವರ್ಷದಲ್ಲಿ ಮೊದಲ ಸಲ ತನ್ನ ವಿಭಾಗದ ಮೇಲೆ ಪ್ರೀತಿ ಉಕ್ಕಿತು.

ಆಗ ಹೂವಿನಂಗಡಿಯವನು ಸ್ಟ್ಯಾಂಡುಗಳನ್ನು ವಾಪಸು ಒಯ್ಯಲು ಬಂದ. ಸಂಜೆ ಬೇರೆ ಮದುವೆಗಳಿದ್ದವು.

"ನಿಲ್ಲಿ," ಎಂದರು ಪ್ಯೊ. "ನಡವಳಿ ಸ್ಥಿರೀಕರಣ ಆಗೋವರೆಗೆ ಕೋರಂ ಒಡೆಯೋ ಹಾಗಿಲ್ಲ. ಮೂವತ್ತೊಂದನೇ ಕಲಮು."

"ಸ್ಥಿರೀಕರಣ ಯಾವಾಗ?" ಎಂದಳು ಮಿರಾನ್.

"ಮುಂದಿನ ಮಹಾಸಭೇಲಿ."

"ಅದು ಮುಂದಿನ ವರ್ಷ!"

"ಹೌದು. ಅಲ್ಲೀವರೆಗೆ ಸದಸ್ಯರು ಹಾಜರಿರ್ಬೇಕು. ಹೋದ್ರೆ ಸಭಾತ್ಯಾಗ. ಸಭಾತ್ಯಾಗ ಆದ್ರೆ ನಿರ್ಣಯ ಇಲ್ಲ, ಕೋಣೇನೂ ಇಲ್ಲ."

ಸಭಾಂಗಣವನ್ನು ಐದು ಗಂಟೆಗೆ ತೆರವು ಮಾಡಬೇಕಿತ್ತು. ಅಧ್ಯಕ್ಷರಿಗೆ ಫೋನು ಹೋಯಿತು. ಹಿಂದೆ ಚಪ್ಪಾಳೆಯ ಸದ್ದು ಕೇಳುತ್ತಿತ್ತು. ಮುಖಾಮುಖಿ ಭೇಟಿಯ ಮಹತ್ವ ಆಗತಾನೇ ಮುಗಿದಿತ್ತು. ಅಧ್ಯಕ್ಷರು ಕ್ಷಣವೂ ತಡಮಾಡಲಿಲ್ಲ. "ಅದಕ್ಕೇನಂತೆ? ಗುಡ್ಡದ ಮೇಲೆ ನಮ್ಮದೇ ಕೋಣೆ ಇದೆಯಲ್ಲ. ಅಲ್ಲೇ ಇರ್ತೀವಿ ಬಿಡಿ."

"ಅಲ್ಲಿ ಅಜ್ಜಿಯರು ಕೂರ್ತಾರೆ!" ಮಿರಾನ್ ಕಿರುಚಿಯೇಬಿಟ್ಟಳು. "ಪರಿಶೀಲಕರೇ, ನನ್ನ ಆಕ್ಷೇಪಣೆ ಬರ್ಕೊಳ್ಳಿ."

ಪ್ಯೊ ಹಾಜರಿ ಪಟ್ಟಿಯ ಮೇಲೆ ಬೆರಳಾಡಿಸಿದರು. ಒಮ್ಮೆ, ಮತ್ತೊಮ್ಮೆ.

"ತಾಕ್ ಮಿರಾನ್... ನೀವು ಗೈರುಹಾಜರು."

"ನಿಮ್ಮೆದುರಿಗೇ ನಿಂತಿದೀನಲ್ಲ!"

"ಅದು ನನಗೂ ಕಾಣ್ತಿದೆ. ಆದ್ರೆ ನಿಮ್ಮ ಹೂವು ಬಂದಿಲ್ಲ."

ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಏಳು ವರ್ಷ ಒಂದು ಸಭೆಯನ್ನೂ ತಪ್ಪಿಸದವಳು ತಾನೊಬ್ಬಳೇ, ಇವತ್ತು ಇಲ್ಲದವಳೂ ತಾನೊಬ್ಬಳೇ. ಗೈರುಹಾಜರಾದವರ ಅಳುವಿಗೆ ನಿಯಮಾವಳಿಯಲ್ಲಿ ಅವಕಾಶವಿರಲಿಲ್ಲ.

ಅರವತ್ತನಾಲ್ಕು ಸದಸ್ಯರನ್ನು ಹೊತ್ತು ಮೆಟ್ಟಿಲು ಹತ್ತಿಸುವುದರೊಳಗೆ ಸಂಜೆಯಾಯಿತು. ಕೋಣೆ ಗೋಡೆಯಿಂದ ಗೋಡೆಗೆ ತುಂಬಿತು, ಹಿರಿಯರು ಒಲೆಯ ಕಡೆ, ಕಿರಿಯರು ಬಾಗಿಲ ಕಡೆ. ಅಜ್ಜಿಯರು ಬುಧವಾರಗಳಂದು ಹೊರಗೆ ಮೆಟ್ಟಿಲ ಮೇಲೆ ಕೂತರು. ಚಳಿಗಾಲದಲ್ಲಿ ಹೂವುಗಳೆಲ್ಲ ಉದುರಿ ಬಿದಿರಿನ ಕಾಲುಗಳೂ ರಿಬ್ಬನ್ನುಗಳೂ ಉಳಿದವು. ಸಮುದ್ರದ ಗಾಳಿಗೆ ಅಜ್ಜಿಯರ ಎಲೆಗಳು ಹಾರಿಹೋಗುತ್ತಿದ್ದವು. ಒಳಗಿನ ನೆಲ ಮಾತ್ರ ಬೆಚ್ಚಗಿತ್ತು. ಸದಸ್ಯರು ಹಾಜರಿರುವಾಗ ಬಿಸಿ ಆರಿಸುವಂತಿರಲಿಲ್ಲ. ಮಿರಾನ್ ಬುಧವಾರಗಳ ವರದಿಯನ್ನು ಇದ್ದಂತೆಯೇ ಬರೆದು ಕಳಿಸಿದಳು. ವಾರದ ಹಾಜರಿ ಒಂಬತ್ತರಿಂದ ಅರವತ್ತನಾಲ್ಕಕ್ಕೆ ಏರಿದ್ದನ್ನು ಮಾತೃಸಂಘ ಗಮನಿಸಿ, ವರ್ಷದ ಶ್ರೇಷ್ಠ ಸಮುದಾಯ ಎಂಬ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿಯ ಫಲಕ ಇಡಲು ಒಳಗೆ ಜಾಗವಿರಲಿಲ್ಲ. ಬೊಕ್‌ನ್ಯೊ ಅಜ್ಜಿ ಅದನ್ನು ಮೆಟ್ಟಿಲ ಮೇಲೆ ಹಾಕಿಕೊಂಡು ಕೂತಳು. ಕಲ್ಲು ತಣ್ಣಗಿತ್ತು.

ಮರುವರ್ಷದ ಮಹಾಸಭೆಗೆ ಮಿರಾನ್ ಉಪಾಯ ಹೂಡಿದಳು. ಅಜ್ಜಿಯರಿಗೆಲ್ಲ ಸದಸ್ಯತ್ವದ ಅರ್ಜಿ ತುಂಬಿಸಿದಳು. ಹನ್ನೊಂದು ವರ್ಷ ಪ್ರಶ್ನಾವಳಿಗೆ ಉತ್ತರಿಸಿದ್ದನ್ನು ಕ್ಷೇತ್ರಾನುಭವ ಎಂದು ತೋರಿಸಿದಳು. ಹತ್ತು ರಿಬ್ಬನ್ನು ಬರೆಸಿ ಒಂಬತ್ತನ್ನು ಅಜ್ಜಿಯರ ಹೆಗಲಿಗೆ ಹಾಕಿ, ಹತ್ತನೆಯದನ್ನು ತಾನು ಹಾಕಿಕೊಂಡಳು. ಸದಸ್ಯರು ಹೇಗೂ ಅಲ್ಲೇ ಇದ್ದುದರಿಂದ ಸಭೆ ಕೋಣೆಯಲ್ಲೇ ನಡೆಯಿತು. ಬಿದಿರಿನ ಕಾಲುಗಳ ಸಂದಿಯಲ್ಲಿ ಅಜ್ಜಿಯರು ನುಸುಳಿ ನಿಂತರು. ಒಂದು ವರ್ಷದ ಮೇಲೆ ಕಾಲಿಗೆ ನೆಲದ ಬಿಸಿ ತಾಕಿದ್ದಕ್ಕೆ ಬೊಕ್‌ನ್ಯೊ "ಅಬ್ಬಾ" ಎಂದು ಕಣ್ಣು ಮುಚ್ಚಿದಳು.

ಪ್ಯೊ ಎಣಿಸಿದರು. "ಎಪ್ಪತ್ನಾಲ್ಕು. ಬಹಳ ಸಂತೋಷ." ಹಿಂದಿನ ವರ್ಷದ ನಡವಳಿ ಸ್ಥಿರವಾಯಿತು. ಪರವಾನಗಿ ಇನ್ನೊಂದು ವರ್ಷಕ್ಕೆ ಮುಂದುವರಿಯಿತು.

"ಇನ್ನು ಈ ಕಡ್ಡಿಗಳನ್ನ ಎತ್ತಿಸ್ಬಹುದಾ?" ಎಂದಳು ಅಜ್ಜಿ.

"ಅದು ಹೇಗಾಗುತ್ತೆ ಅಜ್ಜಿ? ಇವತ್ತಿನ ನಡವಳಿ ಮುಂದಿನ ವರ್ಷ ಸ್ಥಿರ ಆಗ್ಬೇಕು. ಎಪ್ಪತ್ನಾಲ್ಕು ಜನಾನೂ ಅಲ್ಲೀವರೆಗೆ ಇಲ್ಲೇ ಹಾಜರಿರ್ಬೇಕು."

"ನಾವೂನಾ? ಮನೆಗೆ ಹೋಗೋ ಹಾಗಿಲ್ವಾ?"

"ನೀವು ಆರಾಮಾಗಿ ಹೋಗಿ," ಎಂದರು ಪ್ಯೊ, ಕರುಣೆಯಿಂದಲೇ. "ರಿಬ್ಬನ್ ಬಿಟ್ಟು ಹೋದ್ರೆ ಸಾಕು."

ಅಜ್ಜಿ ರಿಬ್ಬನ್ನು ತೆಗೆದು, ಖಾಲಿ ಬಿದಿರಿಗೆ ಸಿಕ್ಕಿಸಿ, ಹೆಸರು ಕಾಣುವಂತೆ ಕೈಯಿಂದ ಸವರಿ ನೇರ ಮಾಡಿದಳು.

"ಇಷ್ಟೇ ಅಂತ ಮೊದ್ಲೇ ಹೇಳ್ಬಾರ್ದಿತ್ತಾ ಟೀಚರಮ್ಮ?" ಎಂದಳು. "ಈ ಮಂಡಿ ಇಟ್ಕೊಂಡು ಇಷ್ಟು ವರ್ಷ ಸುಮ್ನೆ ಹತ್ತಿದ್ನಲ್ಲ."

ಉಳಿದ ಎಂಟು ಜನರೂ ಹಾಗೇ ಮಾಡಿದರು. ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ ನಿಂತು, ಇಳಿದು ಹೋದರು.

ಮುಂದಿನ ಬುಧವಾರ ಮಿರಾನ್ ಅಭ್ಯಾಸಬಲದಿಂದ ಹತ್ತು ಜನಕ್ಕೆ ನೂಡಲ್ಸ್ ಬೇಯಿಸಿಟ್ಟು ಕಾದಳು. ಯಾರೂ ಬರಲಿಲ್ಲ. ನೂಡಲ್ಸ್ ಉಬ್ಬಿ ಮುದ್ದೆಯಾಯಿತು. ಅವಳು ಪುಸ್ತಕ ತೆರೆದು ವಾರದ ಹಾಜರಿ ಬರೆದಳು: ಎಪ್ಪತ್ನಾಲ್ಕು. ಗೈರುಹಾಜರು: ಯಾರೂ ಇಲ್ಲ. ಆಮೇಲೆ ತನ್ನ ರಿಬ್ಬನ್ನನ್ನು ಬೊಕ್‌ನ್ಯೊ ಅಜ್ಜಿಯ ರಿಬ್ಬನ್ನಿನ ಪಕ್ಕಕ್ಕೆ ಕಟ್ಟಿ, ಬಾಗಿಲು ಹಾಕಿಕೊಂಡು ಹೋದಳು.