ದೊಡ್ಡಮ್ಮ ಓದದೆ ಬಿಟ್ಟ ಹಾಳೆ

ನಮ್ಮ ದೊಡ್ಡಮ್ಮನ ಕೈಗೆ ಅಚ್ಚಾದ ಕಾಗದ ಯಾವುದನ್ನಾದರೂ ಕೊಡುವ ಮೊದಲು ದಯವಿಟ್ಟು ಊಟ ಮುಗಿಸಿಕೊಂಡು ಬಿಡಿ. ಯಾಕೆಂದರೆ ಅವರು ಅದನ್ನು ಓದುತ್ತಾರೆ. ನಾವು ನೀವು ಓದಿದ ಹಾಗಲ್ಲ. ಮೇಲಿನ ಮುದ್ರೆಯಿಂದ ಕೆಳಗಿನ ಪುಟಸಂಖ್ಯೆಯವರೆಗೆ ಓದಿ, ತಿರುಗಿಸಿ ಹಿಂಬದಿಯನ್ನು ಓದಿ, ಹಿಂಬದಿ ಖಾಲಿಯಿದ್ದರೆ ಅದೇಕೆ ಖಾಲಿ ಎಂದು ಯೋಚಿಸುತ್ತಾರೆ!

ಬಹ್ರೈನಿಗೆ ಬಂದಾಗಿನಿಂದ ಅವರು ಆಸ್ಪತ್ರೆಯ ನರ್ಸ್. ಮದ್ದಿನ ಚೀಟಿಯಲ್ಲಿ ಒಂದು ಚುಕ್ಕೆ ಅತ್ತಿತ್ತ ಸರಿದರೂ ಜೀವಕ್ಕೆ ಅಪಾಯ ಎನ್ನುವ ಭಯ ಆ ವೃತ್ತಿಯದು. ದೊಡ್ಡಮ್ಮ ಆ ಭಯವನ್ನು ಉದಾರವಾಗಿ ಶಾಂಪೂ ಬಾಟಲಿಗೂ ನೂಡಲ್ಸ್ ಪ್ಯಾಕೆಟಿಗೂ ಹಂಚಿದ್ದಾರೆ. ಮಾಹೂಝ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಅವರ ಮನೆ ಐದನೇ ಮಹಡಿ, ನಮ್ಮದು ಮೂರು. ಒಮ್ಮೆ ಲಿಫ್ಟಿನಲ್ಲಿ ಏಳು ಜನ ಸೇರಿದ್ದೆವು. ಗೋಡೆಯ ಮೇಲೆ ‘ಎಂಟು ಜನ ಅಥವಾ ಆರುನೂರು ಕಿಲೋ’ ಎಂದಿತ್ತು. ದೊಡ್ಡಮ್ಮ ಎಲ್ಲರನ್ನೂ ಮೇಲಿಂದ ಕೆಳಗೆ ಒಮ್ಮೆ ತೂಗಿ ನೋಡಿದರು. ಆಮೇಲೆ ನಮ್ಮ ಎದುರುಮನೆಯ ದಢೂತಿ ಮಹನೀಯರತ್ತ ಕರುಣೆಯಿಂದ ನಕ್ಕು, “ನೀವು ಇಳಿಯುವುದು ಬೇಡ ಸರ್, ನಾನೇ ಇಳಿತೇನೆ” ಎಂದು ಹೊರಗೆ ಕಾಲಿಟ್ಟರು. ಆ ಮಹನೀಯರು ಅಂದಿನಿಂದ ಮೆಟ್ಟಿಲು ಹತ್ತುತ್ತಾರೆ. ಈಗ ಎಂಟು ಕಿಲೋ ಇಳಿದಿದ್ದಾರಂತೆ. ಉಪಕಾರವಲ್ಲವೇ?

ಸೀಫ್‌ನ ಮಾಲ್ ಒಂದರಲ್ಲಿ ಹೊಸ ಸಿಮ್ ಕಾರ್ಡ್ ಕೊಳ್ಳಲು ಹೋದದ್ದು ಇನ್ನೂ ಚೆನ್ನಾಗಿತ್ತು. ಸೇಲ್ಸ್‌ಮನ್ ಬೆರಳಿಟ್ಟು ಸಹಿಯ ಜಾಗ ತೋರಿಸಿದ. ದೊಡ್ಡಮ್ಮ ಅವನ ಬೆರಳನ್ನು ನಯವಾಗಿ ಪಕ್ಕಕ್ಕೆ ಸರಿಸಿ, ಚೀಲದಿಂದ ಭೂತಕನ್ನಡಿ ತೆಗೆದರು. ನಮ್ಮ ಹಿಂದೆ ಸಾಲು ಬೆಳೆಯಿತು. ಅವನು ಹಿಂದಿಯಲ್ಲಿ ಗೋಗರೆದ: “ಆಂಟೀಜಿ, ಇದನ್ನು ಯಾರೂ ಓದುವುದಿಲ್ಲ.”

“ಅದಕ್ಕೇ ಇಷ್ಟು ಸಣ್ಣಕ್ಕೆ ಬರೆದದ್ದು ಮಗಾ,” ಎಂದರು ದೊಡ್ಡಮ್ಮ, ತಮ್ಮದೇ ಹಿಂದಿಯಲ್ಲಿ.

ಮುಂದಿನ ಶುಕ್ರವಾರ ಅದೇ ಸೇಲ್ಸ್‌ಮನ್ ತನ್ನ ಬಾಡಿಗೆ ಕರಾರು ಹಿಡಿದು ಅವರ ಮನೆಯ ಬಾಗಿಲಲ್ಲಿ ನಿಂತಿದ್ದ! ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಶುಕ್ರವಾರ ಸಂಜೆ ದೊಡ್ಡಮ್ಮನ ಊಟದ ಮೇಜು ಕಾಗದಗಳ ದವಾಖಾನೆ. ಮಾಹೂಝಿನ ಅರ್ಧ ಜನ ಸಹಿ ಹಾಕುವ ಮೊದಲು ತಮ್ಮ ಕಾಗದಗಳ ನಾಡಿ ಹಿಡಿಸಲು ಅಲ್ಲಿಗೆ ಬರುತ್ತಾರೆ. ಫೀಸು ಒಂದು ಕಟ್ಟು ಖುಬ್ಬೂಸ್ ರೊಟ್ಟಿ. ಬಂದವರಿಗೆಲ್ಲ ಒಂದೇ ಉಪದೇಶ: “ಓದದೆ ಸಹಿ ಹಾಕುವುದೂ ಒಂದೇ, ಕಣ್ಣು ಮುಚ್ಚಿ ಇಂಜೆಕ್ಷನ್ ಚುಚ್ಚುವುದೂ ಒಂದೇ.”

ಇಂಥ ದೊಡ್ಡಮ್ಮ ಈ ವರ್ಷ ಸಿಕ್ಕಿಬಿದ್ದರು ನೋಡಿ!

ಕೆಲವು ವರ್ಷಗಳ ಹಿಂದೆ ಕಾರಿಗೆಂದು ಬ್ಯಾಂಕಿನಲ್ಲಿ ಸಾಲ ಮಾಡಿದ್ದರು. ಕೊನೆಯ ಕಂತೂ ಮುಗಿದು, ಸಾಲ ತೀರಿತೆಂಬ ಪತ್ರ ಬಂತು. ಬೇರೆಯವರಾದರೆ ಆ ಸಂತೋಷಕ್ಕೆ ಬಿರಿಯಾನಿ ತರಿಸುತ್ತಾರೆ. ದೊಡ್ಡಮ್ಮ ಪತ್ರ ಓದಿದರು. ಮೂರನೇ ಪುಟದಲ್ಲಿ ‘ಕಂತು ರಕ್ಷಣೆಯ ವಿಮೆ’ ಎಂಬ ಸಾಲಿನ ಮೇಲೆ ಅವರ ಕೆಂಪು ಪೆನ್ನು ನಿಂತಿತು. ಕೆಲಸ ಹೋದರೆ ಕೆಲವು ತಿಂಗಳು ನಿಮ್ಮ ಕಂತನ್ನು ವಿಮೆಯವರು ಕಟ್ಟುತ್ತಾರೆ, ಅದಕ್ಕೆ ಪ್ರತಿ ಕಂತಿನ ಜೊತೆ ನೀವು ಅವರಿಗೆ ಕಟ್ಟಬೇಕು. ಕೇಳಲು ಚೆನ್ನಾಗಿಯೇ ಇದೆ. ಆದರೆ ದೊಡ್ಡಮ್ಮ ಪಾಲಿಸಿಯ ಪ್ರತಿ ತರಿಸಿ ಓದಿದಾಗ ಹನ್ನೊಂದನೇ ಷರತ್ತು ಹೀಗೆ ಹೇಳುತ್ತಿತ್ತು: ಅವಧಿ ಒಪ್ಪಂದದ ಮೇಲೆ ಕೆಲಸ ಮಾಡುವವರಿಗೆ ಈ ರಕ್ಷಣೆ ಇಲ್ಲ.

ದೊಡ್ಡಮ್ಮನದು ಎರಡೆರಡು ವರ್ಷಕ್ಕೊಮ್ಮೆ ನವೀಕರಿಸುವ ಒಪ್ಪಂದ. ಬಂದ ದಿನದಿಂದಲೂ ಹಾಗೆಯೇ. ಅಂದರೆ ಕೆಲಸ ಹೋಗಿದ್ದರೂ ಒಂದು ಫಿಲ್ಸ್ ಕಾಸೂ ಸಿಗುತ್ತಿರಲಿಲ್ಲ!

ನಾನು ಶಾಲೆಯ ಕಾಲದಿಂದ ಚರ್ಚಾಸ್ಪರ್ಧೆಯವಳು. ವಾದ ಎಲ್ಲಿದ್ದರೂ ನನಗೆ ಮೂಗು ತುರಿಸುತ್ತದೆ. “ಬಿಟ್ಟುಬಿಡಿ ದೊಡ್ಡಮ್ಮ. ಸಹಿ ನಿಮ್ಮದು. ಓದುವ ಅವಕಾಶ ಇತ್ತು. ಕೆಲಸವೂ ಹೋಗಲಿಲ್ಲ. ನಷ್ಟ ಎಲ್ಲಿ?” ಎಂದೆ.

ಹಾಗೆನ್ನಲು ನನಗೆ ಅಧಿಕಾರವೂ ಇತ್ತು. ಅಂತರಶಾಲಾ ಚರ್ಚೆಯ ಫೈನಲ್ಲಿನಲ್ಲಿ ‘ಮೋಸ ಹೋದ ಗ್ರಾಹಕನದೇ ತಪ್ಪು’ ಎಂಬ ವಿಷಯದ ಪರವಾಗಿ ಮಾತಾಡಿ ಗೆದ್ದವಳು ನಾನು. ಆ ಬಹುಮಾನದ ಕಪ್ ಈಗಲೂ ದೊಡ್ಡಮ್ಮನ ಶೋಕೇಸಿನಲ್ಲಿದೆ. ಅಪ್ಪ ಅಮ್ಮನಿಗೆ ಅಂದು ರಜೆ ಸಿಕ್ಕಿರಲಿಲ್ಲ. ದೊಡ್ಡಮ್ಮ ಡ್ಯೂಟಿಯ ಬಿಳಿ ಸಮವಸ್ತ್ರದಲ್ಲೇ ಓಡಿ ಬಂದು ಮೊದಲ ಸಾಲಿನಲ್ಲಿ ಕೂತು, ನಾನು ಉಸಿರು ಎಳೆದುಕೊಂಡಾಗಲೆಲ್ಲ ಚಪ್ಪಾಳೆ ತಟ್ಟಿ ತೀರ್ಪುಗಾರರಿಂದ ಬೈಸಿಕೊಂಡಿದ್ದರು.

“ನಷ್ಟ ಎಲ್ಲಿ ಅಂತ ಕೇಳ್ತೀಯಲ್ಲ ಮಾರಾಯ್ತಿ,” ಎಂದರು ದೊಡ್ಡಮ್ಮ ಈಗ. “ನಾವು ಇಂಜೆಕ್ಷನ್ ಕೊಡುವ ಮೊದಲು ಅಲರ್ಜಿ ಉಂಟಾ ಅಂತ ಕೇಳ್ತೇವಾ ಇಲ್ವಾ?”

“ಕೇಳ್ತೀರಿ.”

“ಕೇಳದೆ ಚುಚ್ಚಿ, ಬಾಟಲಿಯ ಮೇಲೆ ಬರೆದಿತ್ತು, ನೀವು ಓದ್ಬೇಕಿತ್ತು ಅಂತ ಪೇಷೆಂಟಿಗೆ ಹೇಳಿದ್ರೆ ನನ್ನ ಲೈಸೆನ್ಸ್ ಉಳಿದೀತಾ?”

“ಆದರೆ ಪೇಷೆಂಟಿಗೆ ಏನೂ ಆಗಲಿಲ್ಲವಲ್ಲ!”

“ಆಗ್ಲಿಲ್ಲ ಅಂತ ಮದ್ದಿನ ಬದಲು ಬರೀ ನೀರು ಮಾರಬಹುದಾ?”

ಚರ್ಚೆಯಲ್ಲಿ ಇಂಥ ಹೊತ್ತಿಗೆ ನೀರು ಕುಡಿಯಬೇಕೆಂದು ನಮಗೆ ಕಲಿಸಿದ್ದಾರೆ. ಕುಡಿದೆ.

ಸೀಫ್‌ನ ಬ್ಯಾಂಕಿಗೆ ಇಬ್ಬರೂ ಹೋದೆವು. ಅಧಿಕಾರಿ ಬೆಂಗಳೂರಿನವರು, ಇಸ್ತ್ರಿ ಮುರಿಯದ ಅಂಗಿ, ಅದಕ್ಕಿಂತ ಗಟ್ಟಿಯಾದ ನಗು. “ನೋಡಿ ಮೇಡಂ, ಇದು ನಿಮ್ದೇ ಸೈನ್ ತಾನೇ?”

“ನನ್ನದೇ. ಪಕ್ಕದಲ್ಲಿ ನಿಮ್ಮ ಬ್ಯಾಂಕಿನವರದ್ದೂ ಉಂಟು. ನನ್ನ ಸೈನಿಗೆ ಬೆಲೆ ಉಂಟಾದ್ರೆ ಅವರದ್ದಕ್ಕೂ ಬೇಕಲ್ಲ? ಮೂರೇ ಪ್ರಶ್ನೆ. ಈ ವಿಮೆ ಬೇಕೇಬೇಕು, ಇಲ್ಲದಿದ್ರೆ ಲೋನ್ ಇಲ್ಲ ಅಂತ ಹೇಳಿದ್ರಾ ಇಲ್ವಾ? ಇದಕ್ಕೆ ಬೇರೆ ದುಡ್ಡು ಅಂತ ಬಿಡಿಸಿ ಹೇಳಿದ್ರಾ? ನಿಮ್ಮ ಕೆಲಸ ಎಂಥ ಒಪ್ಪಂದದ್ದು ಅಂತ ಕೇಳಿದ್ರಾ? ಅರ್ಜಿಯಲ್ಲಿ ನನ್ನ ಒಪ್ಪಂದ ಎರಡು ವರ್ಷದ್ದು ಅಂತ ನಾನೇ ಬರ್ದಿದ್ದೇನೆ. ಇಗೊಳ್ಳಿ, ಅದರ ಕೆಳಗೇ ನಿಮ್ಮ ಮೊಹರು.”

ಅಧಿಕಾರಿ ಮೊಹರನ್ನು ನೋಡಿದರು. ಮೊಹರು ಅವರನ್ನು ನೋಡಿತು. ನಗು ಸ್ವಲ್ಪ ಮುದುಡಿತು. “ಕಂಪ್ಲೇಂಟ್ ಫಾರ್ಮ್ ಕೊಡ್ತೀನಿ ಮೇಡಂ, ಫುಲ್ ಫಿಲ್ ಮಾಡಿ ತನ್ನಿ. ಒಂದು ಕಾಲಂ ಖಾಲಿ ಇದ್ರೂ ತಗೊಳ್ಳಲ್ಲ.”

ಹತ್ತು ವರ್ಷ ಚರ್ಚಾವೇದಿಕೆ ಹತ್ತಿ ಇಳಿದ ನಾನು ಅಷ್ಟು ಸ್ವಚ್ಛವಾದ ವಾದವನ್ನು ಕೇಳಿರಲಿಲ್ಲ. ಕಾರಿನಲ್ಲಿ ಹಾಗೆಂದು ಹೇಳಿಯೂ ಬಿಟ್ಟೆ. ದೊಡ್ಡಮ್ಮ ಸಿಗ್ನಲಿನಲ್ಲಿ ಕಾರು ನಿಲ್ಲಿಸಿ ಫಾರ್ಮ್ ಓದತೊಡಗಿದ್ದರು. ಹಸಿರು ಬಂತು, ಹಿಂದಿನವರೆಲ್ಲ ಹಾರ್ನ್ ಒತ್ತಿದರು. ಇವರು ಕದಲಲಿಲ್ಲ. ಒಂಬತ್ತನೇ ಕಾಲಂನಲ್ಲಿ ಸಿಕ್ಕಿಕೊಂಡಿದ್ದರು.

‘ಸಹಿ ಮಾಡುವ ಮೊದಲು ಷರತ್ತುಗಳನ್ನು ಓದಿದ್ದೀರಾ? ಇಲ್ಲವಾದರೆ ಕಾರಣ ಬರೆಯಿರಿ.’

ಅಯ್ಯೋ! ಉಳಿದ ಕಾಲಂಗಳು ಅಂದೇ ತುಂಬಿದವು, ಒಂಬತ್ತು ತುಂಬಲಿಲ್ಲ. ಮಾಹೂಝಿನ ಅರ್ಧ ಜನಕ್ಕೆ ಓದಿ ಸಹಿ ಹಾಕಿ ಎಂದು ಬೋಧಿಸಿದವರು, ನಾನೇ ಓದಲಿಲ್ಲ ಎಂದು ಕೈಯಾರೆ ಬರೆದು ಕೊಡುವುದು ಹೇಗೆ? ಆ ಶುಕ್ರವಾರ ದವಾಖಾನೆಗೆ ರಜೆ. ಬಂದವರನ್ನು “ತಲೆನೋವು” ಎಂದು ಹಿಂದೆ ಕಳಿಸಿದರು. ಖುಬ್ಬೂಸ್ ಇಲ್ಲದೆ ನಮ್ಮ ರಾತ್ರಿಯೂಟ ಕೆಟ್ಟಿತು.

“ಓದಿದ್ದೆ, ಅರ್ಥ ಆಗಲಿಲ್ಲ ಅಂತ ಬರೆಯಿರಿ,” ಎಂದು ನಾನು ದಾರಿ ತೋರಿಸಿದೆ.

“ಸುಳ್ಳು ಬರೀಲಿಕ್ಕೆ ಹೇಳ್ತೀಯಾ?”

“ಹಾಗಾದರೆ ಯಾಕೆ ಓದಲಿಲ್ಲ? ನೀವು! ಶಾಂಪೂ ಓದುವವರು!”

“ಪುರ್ಸೊತ್ತಿರ್ಲಿಲ್ಲ,” ಎಂದು ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿದರು. ಸಾರಿಗೆ ಆಗಲೇ ಒಮ್ಮೆ ಒಗ್ಗರಣೆ ಆಗಿತ್ತು.

“ಹಾಗಾದರೆ ಬಿಟ್ಟುಬಿಡಿ, ದುಡ್ಡು ಹೋದರೆ ಹೋಗಲಿ,” ಎಂದೆ.

ಅವರು ಸೌಟು ಹಿಡಿದೇ ತಿರುಗಿದರು. “ನನ್ನ ವಾರ್ಡಿನಲ್ಲಿ ಇಪ್ಪತ್ತು ಜನ ನರ್ಸುಗಳಿದ್ದಾರೆ. ಎಲ್ಲರದ್ದೂ ಎರಡು ವರ್ಷದ ಒಪ್ಪಂದ. ಎಷ್ಟು ಜನರಿಗೆ ಇದೇ ನೀರು ಚುಚ್ಚಿದ್ದಾರೋ ಎಂತದೋ. ಓದುವ ನಾನೇ ಬಾಯಿ ಮುಚ್ಚಿ ಕೂತ್ರೆ ಅವರು ಎಂತ ಮಾಡ್ಬೇಕು?”

ಮರುದಿನ ಬೆಳಿಗ್ಗೆ ನಾನು ಆಫೀಸಿಗೆ ಹೊರಟಾಗ ದೊಡ್ಡಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದರು, ಸಮವಸ್ತ್ರದಲ್ಲಿ. “ಬರ್ದಾಯ್ತು. ಕೆಳಗೆ ಸಾಕ್ಷಿಯ ಸೈನ್ ಬೇಕಂತೆ. ಹಾಕು. ಓದಿಯೇ ಹಾಕ್ಬೇಕು ಮತ್ತೆ!”

ನಾನು ನೇರ ಒಂಬತ್ತಕ್ಕೆ ಹೋದೆ. ರೋಗಿಯ ಚಾರ್ಟಿನಲ್ಲಿ ಬರೆಯುವ ಅದೇ ದುಂಡು ಅಕ್ಷರ.

‘ಓದಲಿಲ್ಲ. ನನ್ನದೇ ತಪ್ಪು. ಆ ದಿನ ನಾಲ್ಕು ಗಂಟೆಗೆ ನನ್ನ ತಂಗಿಯ ಮಗಳ ಚರ್ಚಾಸ್ಪರ್ಧೆಯ ಫೈನಲ್ ಇತ್ತು. ನನಗೆ ಪೂರ್ತಿ ಓದಲು ನಲವತ್ತು ನಿಮಿಷ ಬೇಕು. ಓದಿದ್ದರೆ ಅವಳು ಮಾತಾಡುವಾಗ ಅವಳ ಕಡೆಯವರು ಯಾರೂ ಅಲ್ಲಿ ಇರುತ್ತಿರಲಿಲ್ಲ.’

ಆ ದಿನ ಕಣ್ಣ ಮುಂದೆ ಬಂತು: ದೊಡ್ಡಮ್ಮ ಬ್ಯಾಂಕಿನಿಂದ ಹೊರಬಿದ್ದು, ಏದುಸಿರು ಬಿಡುತ್ತ ಮೊದಲ ಸಾಲಿಗೆ ಬಂದು ಕೂತಿದ್ದಾರೆ. ವೇದಿಕೆಯ ಮೇಲೆ ನಾನು ಕೈ ಬೀಸಿ ಹೇಳುತ್ತಿದ್ದೇನೆ: ಓದದೆ ಸಹಿ ಹಾಕುವ ಮೂರ್ಖರ ಬಗ್ಗೆ ನನಗೆ ಕನಿಕರವಿಲ್ಲ. ಅವರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟುತ್ತಿದ್ದಾರೆ.

“ದೊಡ್ಡಮ್ಮ, ಆವತ್ತು ನನ್ನ ಭಾಷಣ ಕೇಳಿ ನಿಮಗೆ ಏನನ್ನಿಸಿತು?”

“ಚಂದ ಇತ್ತು,” ಎಂದರು ಗಡಿಯಾರ ನೋಡುತ್ತ. “ಎರಡನೇ ಪಾಯಿಂಟಿಗೆ ಆಧಾರ ಸಾಲ್ಲಿಲ್ಲ. ಬೇಗ ಸೈನ್ ಹಾಕು ಮಾರಾಯ್ತಿ, ಡ್ಯೂಟಿಗೆ ತಡ ಆಯ್ತು.”

ಕೆಳಗೆ ಇನ್ನೂ ಒಂದು ಪುಟ ಸಣ್ಣಕ್ಷರವಿತ್ತು. ಒಂದಕ್ಷರವೂ ಕಣ್ಣಿಗೆ ನಿಲ್ಲಲಿಲ್ಲ. ಸಹಿ ಹಾಕಿದೆ.

“ಪೂರ್ತಿ ಓದಿದ್ಯಾ?”

“ಓದಿದೆ,” ಎಂದೆ.