ಪರದೆಯ ಮೇಲಿನ ಬೇವಿನಮರ

೧೯೮೭ನೆಯ ಇಸವಿ, ನನಗಾಗ ನಲವತ್ತೊಂಬತ್ತು. ಇಳಕಲ್ಲಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪರರ ತಪ್ಪುಗಳಿಗೆ ಕೆಂಪು ಗೆರೆ ಎಳೆದು ಆಗಷ್ಟೇ ಬಿಡುಗಡೆ ಪಡೆದಿದ್ದ ನನಗೆ, ಯಂತ್ರವನ್ನು ಬುದ್ಧಿವಂತನೆಂದು ನಂಬುವ ದುರಭ್ಯಾಸವಿರಲಿಲ್ಲ. ಆ ವರ್ಷ ಬಾದಾಮಿ ಬೆಟ್ಟದ ಗಿಡ, ಬಂಡೆ, ಬುಗ್ಗೆ, ಗುಡಿಗಳನ್ನೆಲ್ಲ ಗಣಕಯಂತ್ರದೊಳಗೆ ನಕ್ಷೆಯಾಗಿ ಸೇರಿಸುವ ಯೋಜನೆಯೊಂದು ಬಂತು. ಕಣ್ಣೆದುರಿಗೇ ಇರುವ ಬೆಟ್ಟವನ್ನು ಪರದೆಯ ಮೇಲೆ ಕಂಡರೆ ಮಾತ್ರ ಕಾಪಾಡಲು ಬರುತ್ತದೆಯಂತೆ. ನಮೂನೆಗಳನ್ನು ಅಚ್ಚುಕಟ್ಟಾಗಿ ತುಂಬುವವರು ಬೇಕೆಂದು ನನ್ನನ್ನು ಕರೆದರು. ಯಂತ್ರಕ್ಕೋ, ತಂಪು ಕೋಣೆ, ಮೈಗೆ ಹೊದಿಕೆ, ಬಾಗಿಲಲ್ಲೇ ಚಪ್ಪಲಿ ಬಿಡಬೇಕೆಂಬ ಕಟ್ಟಳೆ. ಮಹಾಕೂಟದ ಶಿವನಿಗೂ ಇಷ್ಟು ಉಪಚಾರವಿಲ್ಲ. ಇಷ್ಟೆಲ್ಲ ಮಾಡಿಸಿಕೊಂಡು ಅದು ತೋರಿಸುತ್ತಿದ್ದುದು ನಿಸರ್ಗಕ್ಕೊಂದು ಹಸಿರು ಚುಕ್ಕೆ, ಮನುಷ್ಯರ ಬಳಕೆಗೊಂದು ಕೆಂಪು ಚುಕ್ಕೆ. ಒಂದನೆಯ ಇಯತ್ತೆಯ ಮಕ್ಕಳು ಇದಕ್ಕಿಂತ ಚೆನ್ನಾಗಿ ಚಿತ್ರ ಬರೆಯುತ್ತಾರೆ.

ಆರು ತಿಂಗಳಾಗುವುದರೊಳಗೆ, ಗುಹೆಗಳ ದಾರಿಯ ಬೇವಿನಮರದ ಕೆಳಗಿನದು ಬಳಕೆಯಿಲ್ಲದ ಜಾಗವೆಂದು ಪರದೆ ಸಾರಿತು. ಅಧಿಕಾರಿಗಳು ಬೇಲಿಗೆ ಕಲ್ಲುಕಂಬ ತರಿಸಿಯೇ ಬಿಟ್ಟರು. ಆ ನೆರಳಲ್ಲಿ ಇಪ್ಪತ್ತು ವರ್ಷಗಳಿಂದ ರೊಟ್ಟಿ, ಮೊಸರು ಮಾರಿ ಬದುಕುತ್ತಿದ್ದ ಈರವ್ವನಿಗೆ ಬೇರೆ ಜಾಗವಿರಲಿಲ್ಲ. ಯಂತ್ರದ ಮಾನ ಕಳೆಯಲೆಂದೇ ನಾನು ಅವಳನ್ನು ಕರೆದುಕೊಂಡು ಹೋದೆ. ಅವಳು ಪರದೆಗೆ ಕೈಮುಗಿದು, "ಇದರಾಗ ನಾ ಎಲ್ಲಿ ಅದೀನ್ರಿ?" ಎಂದಳು. ಈ ಯಂತ್ರದಂಥ ದಡ್ಡನನ್ನು ನನ್ನ ತರಗತಿಯಲ್ಲಾದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆನೆಂದು ನಾನು ಭಾಷಣ ಆರಂಭಿಸಿದೆ.

ಯಂತ್ರ ನಡೆಸುವ ತರುಣಿ ನಾನು ತುಂಬಿದ್ದ ನಮೂನೆಯನ್ನೇ ಮುಂದಿಟ್ಟಳು. ಮರದ ಎತ್ತರ, ಸುತ್ತಳತೆ, ಎಲ್ಲವೂ ದುಂಡಕ್ಷರದಲ್ಲಿ. 'ಬಳಕೆ' ಎಂಬಲ್ಲಿ ಮಾತ್ರ ನೇರವಾದೊಂದು ಅಡ್ಡಗೆರೆ.

"ಗೆರಿ ನೀವ ಹೊಡ್ದೀರಲ್ರಿ ಸರ. ನೀವು ಹೇಳಿದ್ದಷ್ಟ ಅದು ಹೇಳತೈತಿ."

ಕತ್ತಲಾದ ಮೇಲೆ ಸ್ಥಳದಲ್ಲಿ ಉಳಿಯದ ಯಾವುದನ್ನೂ ನಮೂದಿಸಬಾರದೆಂಬುದು ನನ್ನ ನಿಯಮ, ಈರವ್ವನೋ ಸಂಜೆಗೆ ಬುಟ್ಟಿ ಹೊತ್ತು ಮನೆಗೆ ಹೋಗುತ್ತಾಳೆ, ಎಂದು ವಿವರಿಸಿದೆ. ವಿವರಣೆ ಯಾರಿಗೂ ಹಿಡಿಸಲಿಲ್ಲ.

"ಮಾಸ್ತರ, ನನ್ನ ಮುಂದ ಕುಂತು, ನನ್ನ ರೊಟ್ಟಿ ತಿನಕೋತನ ಈ ಹಾಳಿ ಬರದೀರಲ್ರಿ," ಎಂದಳು ಈರವ್ವ. "ಚಟ್ನಿ ಕಲಿ ಇನ್ನೂ ಐತಿ ನೋಡ್ರಿ."

ಕಲೆ ಇತ್ತು. ಅಡ್ಡಗೆರೆಯ ಪಕ್ಕದಲ್ಲೇ.

ತಿದ್ದುಪಡಿಯ ನಮೂನೆಯಲ್ಲಿ ತಪ್ಪು ಯಾರದೆಂದು ಬರೆಯುವ ಜಾಗವಿತ್ತು. 'ಯಂತ್ರ' ಎಂದು ಬರೆಯಹೊರಟವನು ಇಬ್ಬರು ಹೆಂಗಸರ ಮುಖ ನೋಡಿ 'ಸಮೀಕ್ಷಕ' ಎಂದು ಬರೆದು ಸಹಿ ಹಾಕಿದೆ. ಯಂತ್ರದ ವಿಷಯದಲ್ಲಿ ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ. ನನ್ನಂಥವನು ಬರೆದುಕೊಟ್ಟುದನ್ನು ಒಮ್ಮೆಯೂ ಶಂಕಿಸದೆ ನಂಬಿದ ಅದಕ್ಕೆ ಬುದ್ಧಿಯಿದೆಯೆಂದು ಹೇಗೆ ಹೇಳಲಿ? ಹಸಿರು ಚುಕ್ಕೆಯ ಕೆಳಗೆ ಕೆಂಪು ಚುಕ್ಕೆ ಮೂಡಿ, ಕಂಬಗಳು ಲಾರಿ ಹತ್ತಿ ಹಿಂದಿರುಗಿದ್ದು ೧೯೮೮ನೆಯ ಇಸವಿ ಫೆಬ್ರುವರಿ ೧೧, ಗುರುವಾರ.